ಹೊಳೆ ನೋಡೋಕೆ ಹೊರಡೋ ಮುಂಚೆ ಹೊರಹರಿವು ನೋಡಿ

ಬಿಳಿಕೆರೆಯಿಂದ ಮಾತಾಡ್ತಾ ಇದ್ದೀನಿ. ಬಸ್ಸಲ್ಲಿ ಕೂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಆಫೀಸಲ್ಲಿ ಕದ್ದುಮುಚ್ಚಿ ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಬೆಂಗಳೂರಿನ ಕೇಳುಗರೊಬ್ಬರು ಒಂದು ಮೆಸೇಜ್ ಹಾಕಿದ್ರು. "ಅಕ್ಕ, ಎರಡು ದಿನಕ್ಕೆ ಮೈಸೂರಿಗೆ ಬರ್ತಿದೀವಿ. ಅರಮನೆ, ಝೂ, ಚಾಮುಂಡಿ ಬೆಟ್ಟ ಎಲ್ಲ ನೋಡಿ ಆಗಿದೆ. ಈ ಸಲ ನದಿ ಪಕ್ಕ ಏನಾದ್ರೂ ಮಾಡೋಣ ಅಂತ. ಎಲ್ಲಿಗೆ ಹೋಗೋದು?"

ಒಳ್ಳೇ ಪ್ರಶ್ನೆ. ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಮೈಸೂರು ಇಷ್ಟು ದೊಡ್ಡ ಊರು, ಆದ್ರೆ ಊರೊಳಗೆ ಹೊಳೆ ಇಲ್ಲ. ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಕಪಿಲಾ, ಅಂದ್ರೆ ಕಬಿನಿ. ಎರಡೂ ಊರನ್ನ ಆಚೆ ಈಚೆ ಬಿಟ್ಟು ಹರಿಯುತ್ತವೆ. ದಿವಾನ್ ಪೂರ್ಣಯ್ಯನವರು 19ನೇ ಶತಮಾನದ ಆರಂಭದಲ್ಲೇ ಕಾಲುವೆ ತೋಡಿಸಿ ಕಾವೇರಿ ನೀರನ್ನ ಮೈಸೂರಿಗೆ ತರೋಕೆ ಹೊರಟಿದ್ರು. ಅದು ಅಂದುಕೊಂಡ ಹಾಗೆ ಆಗಲಿಲ್ಲ. ಪೂರ್ಣಯ್ಯ ನಾಲೆ ಅನ್ನೋ ಹೆಸರು ಮಾತ್ರ ಇವತ್ತಿಗೂ ಉಳಿದಿದೆ. ಈಗ ಮೈಸೂರಿನ ನಲ್ಲಿಯಲ್ಲಿ ಬರೋದು ಪೈಪಿನಲ್ಲಿ ಬಂದ ಹೊಳೆ ನೀರು. ಹೊಳೇನ ಹೊಳೆಯಾಗೇ ನೋಡಬೇಕು ಅಂದ್ರೆ ಊರಾಚೆ ಹೋಗಬೇಕು.

ಜಾಗಗಳ ಪಟ್ಟಿ ಕೊಡ್ತೀನಿ. ಅದಕ್ಕೂ ಮುಂಚೆ ಒಂದು ಲೆಕ್ಕ ಹೇಳಿಕೊಡ್ತೀನಿ. ಬಿ.ಕಾಂ. ಓದಿದವಳು, ಲೆಕ್ಕ ಇಲ್ಲದೆ ಎಪಿಸೋಡ್ ಮಾಡಿದ್ರೆ ನಿದ್ದೆ ಬರಲ್ಲ.

ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನಾ ಒಂದು ಪುಟ್ಟ ಬಾಕ್ಸ್ ಬರುತ್ತೆ. ಕೆಆರ್‌ಎಸ್ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ. ನಾವೆಲ್ಲ ಮಟ್ಟ ಎಷ್ಟಾಯ್ತು, ಡ್ಯಾಮ್ ತುಂಬ್ತಾ ಅಂತ ಮಾತ್ರ ನೋಡ್ತೀವಿ. ಪ್ರವಾಸಿಗೆ ಬೇಕಾಗಿರೋದು ಮೂರನೇ ಅಂಕಿ. ಹೊರಹರಿವು. ಅದನ್ನ ಕ್ಯೂಸೆಕ್‌ನಲ್ಲಿ ಕೊಡ್ತಾರೆ. ಒಂದು ಕ್ಯೂಸೆಕ್ ಅಂದ್ರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಅಂದ್ರೆ 10,000 ಕ್ಯೂಸೆಕ್ ಬಿಟ್ಟಿದ್ದಾರೆ ಅಂದ್ರೆ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರ್. 12,000 ಲೀಟರ್‌ನ ದೊಡ್ಡ ವಾಟರ್ ಟ್ಯಾಂಕರ್ ಲೆಕ್ಕದಲ್ಲಿ ಹೇಳೋದಾದ್ರೆ, ಪ್ರತಿ ಸೆಕೆಂಡಿಗೆ 23 ಟ್ಯಾಂಕರ್ ನಿಮ್ಮ ಕಡೆ ಬರ್ತಿರುತ್ತೆ. ಬೆಳಗ್ಗೆ ಮಂಡಿಯುದ್ದ ಇದ್ದ ಜಾಗ ಮಧ್ಯಾಹ್ನಕ್ಕೆ ಆಳು ಮುಳುಗೋ ಹಾಗಾಗೋದು ಹೀಗೆ. ನಿಮ್ಮ ತಲೆ ಮೇಲೆ ಬಿಸಿಲು ಇರುತ್ತೆ, ಒಂದು ಹನಿ ಮಳೆ ಇರಲ್ಲ. ಮಳೆ ಬಿದ್ದಿರೋದು ಕೊಡಗಲ್ಲಿ, ಗೇಟ್ ತೆಗೆದಿರೋದು ಡ್ಯಾಮಲ್ಲಿ.

ಈ ಲೆಕ್ಕ ತಲೇಲಿ ಇಟ್ಕೊಂಡು ಈಗ ಜಾಗಗಳಿಗೆ ಹೋಗೋಣ.

ಮೊದಲನೇದು ರಂಗನತಿಟ್ಟು. ಶ್ರೀರಂಗಪಟ್ಟಣದ ಪಕ್ಕದಲ್ಲೇ. 17ನೇ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಒಂದು ಒಡ್ಡು ಕಟ್ಟಿಸಿದ್ರು. ಅದರಿಂದ ಹೊಳೆ ನಡುವೆ ಉಂಟಾದ ಪುಟ್ಟ ಪುಟ್ಟ ತಿಟ್ಟುಗಳೇ ಇವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನ ನೋಡಿ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರ್ತು. ದೋಣೀಲಿ ಕೂತು ಹತ್ತಿರದಿಂದ ಹಕ್ಕಿ ನೋಡಬಹುದು. ಬೆಳಗ್ಗೆ ಬೇಗ ಹೋಗಿ. ಬಂಡೆ ಮೇಲೆ ಬಾಯಿ ತೆರ್ಕೊಂಡು ಬಿಸಿಲು ಕಾಯಿಸ್ಕೊಳ್ತಾ ಇರೋ ಮೊಸಳೇನೂ ಸಿಗುತ್ತೆ. ಚೆನ್ನಾಗಿ ನೋಡ್ಕೊಳ್ಳಿ, ಯಾಕಂದ್ರೆ ಆ ಮೊಸಳೆಗೆ ಪಕ್ಷಿಧಾಮದ ಗೇಟು, ಟೈಮಿಂಗು ಯಾವುದೂ ಗೊತ್ತಿಲ್ಲ. ಅದೇ ಹೊಳೇಲೇ ಜನ ಈಜೋಕೆ ಇಳೀತಾರೆ. ಕೆಆರ್‌ಎಸ್ ಹೊರಹರಿವು ಜಾಸ್ತಿ ಇದ್ದಾಗ ಇಲ್ಲಿ ದೋಣಿ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಸಿಬ್ಬಂದಿ ಜೊತೆ ಜಗಳ ಆಡಬೇಡಿ.

ಎರಡನೇದು ಶ್ರೀರಂಗಪಟ್ಟಣ. ಇದು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಎಲ್ಲರೂ ನೋಡ್ತಾರೆ. ನಾನು ಹೇಳೋದು ವೆಲ್ಲೆಸ್ಲಿ ಸೇತುವೆ. 1804ರಲ್ಲಿ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು, ಕಲ್ಲಿನ ಕಂಬಗಳ ಮೇಲೆ ನಿಂತಿದೆ. ಸಂಜೆ ಅದರ ಹತ್ತಿರ ನಿಂತು ನೋಡಿ. ಕವಲು ಮತ್ತೆ ಕೂಡೋ ಸಂಗಮದಲ್ಲಿ ಹರಿಗೋಲು ಸಿಗುತ್ತೆ. ಲೈಫ್ ಜಾಕೆಟ್ ಕೊಟ್ರೆ ಮಾತ್ರ ಹತ್ತಿ. ಅಂಬಿಗರನ್ನ "ಅಣ್ಣ, ಇನ್ನೂ ಒಂದು ರೌಂಡ್ ಜೋರಾಗಿ ತಿರುಗಿಸಿ" ಅಂತ ಪೀಡಿಸಬೇಡಿ.

ಮೂರನೇದು ಕೆಆರ್‌ಎಸ್. ಸಂಜೆ ಬೃಂದಾವನದ ಕಾರಂಜಿ ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗಿಷ್ಟ ಹಿನ್ನೀರಿನ ದಡದ ಹೊಸ ಕನ್ನಂಬಾಡಿ. ಅಣೆಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ನೀರು ನಿಂತ ಮೇಲೆ ಹಳೇ ಕನ್ನಂಬಾಡಿ ಊರು, ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಎಲ್ಲ ಮುಳುಗಿದ್ವು. ಆ ದೇವಸ್ಥಾನದ ಕಲ್ಲುಗಳನ್ನ ಒಂದೊಂದಾಗಿ ಬಿಚ್ಚಿ ತಂದು ಈಗ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಮುಂದೆ ಕಣ್ಣು ಹಾಯಿಸಿದಷ್ಟೂ ನೀರು. ಆ ನೀರಿನಡಿ ಯಾರದೋ ಅಡುಗೆಮನೆ, ಯಾರದೋ ಗದ್ದೆ ಇತ್ತು. ನಮ್ಮ ಮಂಡ್ಯದ ಕಬ್ಬಿಗೆ, ಬೆಂಗಳೂರಿನ ನಲ್ಲಿಗೆ ನೀರು ಬರೋದರ ಹಿಂದೆ ಅವರ ಊರಿದೆ. ಫೋಟೋ ತೆಗೆಯೋ ಮುಂಚೆ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ, ಸಾಕು.

ನಾಲ್ಕನೇದು ಚುಂಚನಕಟ್ಟೆ. ನಮ್ಮ ಬಿಳಿಕೆರೆಯಿಂದ ಕೆ.ಆರ್. ನಗರದ ಕಡೆ ತಿರುಗಿಕೊಂಡು ಹೋಗಬೇಕು. ಕೆ.ಆರ್. ನಗರದಿಂದ ಸುಮಾರು 15 ಕಿಲೋಮೀಟರ್. ಕಾವೇರಿ ಇಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತೆ. ಪಕ್ಕದಲ್ಲೇ ಕೋದಂಡರಾಮನ ದೇವಸ್ಥಾನ. ಹೊರಗೆ ಇಷ್ಟು ಭೋರ್ಗರೆತ ಇದ್ರೂ ಗರ್ಭಗುಡಿ ಹತ್ತಿರ ಸದ್ದು ಕೇಳಲ್ಲ ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಹೋಗಿ ಕಿವಿಗೊಟ್ಟು ನೀವೇ ನೋಡಿ. ಜನವರಿಯಲ್ಲಿ ಹೋದ್ರೆ ದನಗಳ ಜಾತ್ರೆ. ಜೋಡೆತ್ತಿಗೆ ಅಲಂಕಾರ ಮಾಡಿಸಿ ನಿಲ್ಲಿಸಿರೋದು ನೋಡೋಕೆ ಎರಡು ಕಣ್ಣು ಸಾಲದು. ಆದ್ರೆ ಇಲ್ಲಿ ಕೆಆರ್‌ಎಸ್ ಅಂಕಿ ಕೆಲಸಕ್ಕೆ ಬರಲ್ಲ, ಯಾಕಂದ್ರೆ ಇದು ಡ್ಯಾಮ್‌ಗಿಂತ ಮೇಲಿದೆ. ಇಲ್ಲಿಗೆ ಕೊಡಗಿನ ಮಳೆ, ಹಾರಂಗಿ ಜಲಾಶಯದ ಹೊರಹರಿವು ನೋಡಬೇಕು.

ಐದನೇದು ಕಪಿಲಾ ಕಡೆ. ನಂಜನಗೂಡಿಗೆ ಮೈಸೂರಿಂದ ಟ್ರೈನಿದೆ. ಶ್ರೀಕಂಠೇಶ್ವರನ ದರ್ಶನ, ಹೊಳೆ ದಂಡೆ, 1735ರ ಹಳೇ ಕಲ್ಲು ಸೇತುವೆ, ಬರುವಾಗ ಸಿಕ್ಕರೆ ರಸಬಾಳೆ. ಅರ್ಧ ದಿನ ಸಾಕು. ಎಚ್.ಡಿ. ಕೋಟೆ ಕಡೆ ಹೋದ್ರೆ ಕಬಿನಿ ಹಿನ್ನೀರು. ಬೇಸಿಗೇಲಿ ನೀರು ಇಳಿದಾಗ ಅಲ್ಲಿ ಹುಲ್ಲು ಮೇಯೋಕೆ ಆನೆ ಹಿಂಡು ಹಿಂಡಾಗಿ ಬರ್ತವೆ. ಸಫಾರಿ ನಡೀತಿದೆಯಾ ಇಲ್ವಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಈ ಎರಡೂ ಕಡೆಗೆ ನೋಡಬೇಕಾದ್ದು ಕಬಿನಿ ಡ್ಯಾಮಿನ ಅಂಕಿ. ಕೇರಳದ ವಯನಾಡಲ್ಲಿ ಮಳೆ ಹೊಯ್ದರೆ ನಂಜನಗೂಡಿನ ಮೆಟ್ಟಿಲು ಮುಳುಗುತ್ತೆ.

ಕೊನೇದು ನಮ್ಮೂರ ಹೊಳೆ, ಲಕ್ಷ್ಮಣತೀರ್ಥ. ಇದರ ಹೆಸರು ಯಾವ ಟ್ರಾವೆಲ್ ರೀಲ್ಸ್‌ನಲ್ಲೂ ಬರಲ್ಲ. ಕೊಡಗಿಗೆ ಹೋಗೋ ಕಾರುಗಳೆಲ್ಲ ಬಿಳಿಕೆರೆ ದಾಟಿ, ಹುಣಸೂರಲ್ಲಿ ಈ ಹೊಳೆ ದಾಟಿನೇ ಹೋಗೋದು. ಕಾರಿನ ಗ್ಲಾಸ್ ಇಳಿಸಲ್ಲ. ಬ್ರಹ್ಮಗಿರಿ ಬೆಟ್ಟದಲ್ಲಿ ಹುಟ್ಟಿ, ಇರ್ಪು ಜಲಪಾತವಾಗಿ ಬಿದ್ದು, ಹನಗೋಡು ಅಣೆಕಟ್ಟೆಯಿಂದ ಗದ್ದೆಗಳಿಗೆ ನೀರು ಕೊಟ್ಟು, ಹುಣಸೂರು ಮುಟ್ಟೋ ಹೊತ್ತಿಗೆ ಊರಿನ ಚರಂಡಿ ನೀರನ್ನೂ ಸೇರಿಸ್ಕೊಂಡು ಕೆಆರ್‌ಎಸ್ ಸೇರುತ್ತೆ. ಇರ್ಪುವಿನಲ್ಲಿ ಇದೇ ನೀರನ್ನ ತಲೆ ಮೇಲೆ ಹಾಕಿಕೊಂಡು ಪುಣ್ಯ ಅಂತೀವಿ, ಹುಣಸೂರಲ್ಲಿ ಮೂಗು ಮುಚ್ಕೊಂಡು ದಾಟ್ತೀವಿ. ಮುಂದಿನ ಸಲ ಕೊಡಗಿಗೆ ಹೋಗ್ತಾ ಹನಗೋಡಿನ ಕಡೆ ಒಂದು ಗಂಟೆ ತಿರುಗಿ. ಅಣೆಕಟ್ಟೆ, ಗದ್ದೆ, ದೂರದಲ್ಲಿ ನಾಗರಹೊಳೆ ಕಾಡು. ಟಿಕೆಟ್ ಇಲ್ಲ, ಗದ್ದಲ ಇಲ್ಲ.

ಖರ್ಚಿನ ಮಾತು. ಇವುಗಳಲ್ಲಿ ಹೆಚ್ಚಿನ ಕಡೆಗೆ ಸರ್ಕಾರಿ ಬಸ್ಸಲ್ಲೇ ಹೋಗಿ ಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಕಾಸೂ ಇಲ್ಲ. ನಾನು ಮತ್ತೆ ಅಮ್ಮ ನಂಜನಗೂಡಿಗೆ ಹೋಗಿ ಬಂದಾಗ ಖರ್ಚಾಗಿದ್ದು ಹಣ್ಣುಕಾಯಿ, ಊಟ, ಕಾಫಿಗೆ ಮಾತ್ರ.

ನೀವು ಕೇಳಬಹುದು, ಎಲ್ಲ ಹೇಳಿದ್ರಿ, ಬಲಮುರಿ ಯಾಕೆ ಹೇಳಲಿಲ್ಲ ಅಂತ. ಬೇಕು ಅಂತಲೇ ಕೊನೆಗೆ ಇಟ್ಕೊಂಡಿದ್ದೆ. ಬಲಮುರಿ, ಎಡಮುರಿ ಎರಡೂ ಚೆಂದದ ಜಾಗ. ಒಡ್ಡಿನ ಮೇಲಿಂದ ನೀರು ತೆಳ್ಳಗೆ ಪರದೆ ಹಾಗೆ ಇಳಿಯುತ್ತೆ. ಆ ತೆಳ್ಳಗಿನ ನೀರೇ ಮೋಸ. ಕೆಳಗೆ ಬಂಡೆ ಪಾಚಿ ಕಟ್ಟಿ ಜಾರುತ್ತೆ, ಪಕ್ಕದಲ್ಲೇ ಗುಂಡಿ, ಸುಳಿ. ಮೇಲೆ ಕೆಆರ್‌ಎಸ್. ನೀರಿಗೆ ಇಳೀಬೇಡಿ ಅಂತ ಬೋರ್ಡ್ ಹಾಕೋದು ಸುಮ್ಮನೆ ಅಲ್ಲ.

ನನ್ನ ಡಿಗ್ರಿ ಕ್ಲಾಸ್‌ಮೇಟ್ ಒಬ್ಬಳ ತಮ್ಮ ಹೀಗೇ ಒಂದು ಹೊಳೆಗೆ ಫ್ರೆಂಡ್ಸ್ ಜೊತೆ ಹೋಗಿದ್ದ. ಜಾಗದ ಹೆಸರು ಬೇಡ. ಈಜು ಬರ್ತಿತ್ತು ಅವನಿಗೆ, ಊರ ಬಾವೀಲಿ ಕಲಿತಿದ್ದ. ಆದ್ರೆ ಬಾವಿ ನೀರು ಎಲ್ಲೂ ಹೋಗಲ್ಲ, ಹೊಳೆ ನೀರು ಎಳ್ಕೊಂಡು ಹೋಗುತ್ತೆ. ಅವನು ವಾಪಸ್ ಬರಲಿಲ್ಲ. ಅವನ ಬಟ್ಟೆ, ಚಪ್ಪಲಿ, ಫೋನು ದಡದ ಮೇಲೆ ಇದ್ವು. ಅವರಮ್ಮ ಇವತ್ತಿಗೂ ಆ ಕಡೆ ಹೋಗೋ ಬಸ್ ಹತ್ತಲ್ಲ.

ಅದಕ್ಕೇ ಹೇಳೋದು. ಹೊಳೆ ನೋಡೋಕೆ ಹೊಳೆಗೆ ಇಳೀಬೇಕಾಗಿಲ್ಲ. ದಡದಲ್ಲಿ ಕೂತು ನೋಡಿ, ದೋಣೀಲಿ ಹೋಗಿ, ಮೀನು ಫ್ರೈ ತಿನ್ನಿ, ಸೇತುವೆ ಮೇಲೆ ನಿಂತು ಹರಟೆ ಹೊಡೀರಿ. ಹೊರಡೋ ದಿನ ಬೆಳಗ್ಗೆ ಗೂಗಲ್‌ನಲ್ಲಿ ಹವಾಮಾನ ನೋಡ್ತೀರಲ್ಲ, ಅದರ ಜೊತೆ ಆಯಾ ಡ್ಯಾಮಿನ ಹೊರಹರಿವೂ ನೋಡಿ. ಹಿಂದಿನ ದಿನಕ್ಕಿಂತ ಜಾಸ್ತಿ ಆಗಿದ್ರೆ ದಂಡೆಯಿಂದ ದೂರ ಇರಿ. ಸೈರನ್ ಕೇಳಿಸಿದ್ರೆ, ಇದ್ದಕ್ಕಿದ್ದ ಹಾಗೆ ನೀರು ಕೆಂಪಗೆ ಬಗ್ಗಡ ಆದ್ರೆ, ಕಸಕಡ್ಡಿ ತೇಲಿ ಬಂದ್ರೆ ಫೋಟೋ ಅಲ್ಲಿಗೇ ಬಿಟ್ಟು ಮೇಲೆ ಹತ್ತಿ. ಯಾರಾದ್ರೂ ಬಿದ್ರೆ ನೀವೂ ಹಾರಬೇಡಿ. ಹಗ್ಗ, ಪಂಚೆ, ದುಪಟ್ಟ, ಖಾಲಿ ಕ್ಯಾನ್, ಏನು ಸಿಗುತ್ತೋ ಎಸೀರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.

ಈ ಎಪಿಸೋಡ್‌ನ ನಿಮ್ಮ ಟ್ರಿಪ್ ಗ್ರೂಪ್‌ಗೆ ಹಾಕಿ. ಗ್ರೂಪಲ್ಲಿ ಯಾವಾಗಲೂ ಒಬ್ಬ ಇರ್ತಾನಲ್ಲ, "ಏನೂ ಆಗಲ್ಲ ಬಾರೋ ಮಗಾ" ಅನ್ನೋನು, ಅವನಿಗೆ ಬೇರೆಯಾಗಿ ಇನ್ನೊಂದು ಸಲ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.