ಎರಡನೆಯ ಕಾರು ಯಾರಿಗಾಗಿ?



ಜಾಕ್ಸನ್ ಹೈಟ್ಸ್‌ನವರಿಗೆ ಸಬ್‌ವೇ ಇದೆ. ಎಡಿಸನ್‌ನ ಮಾತು ಬೇರೆ. ಯಜಮಾನರು ಮೆಟ್ರೋಪಾರ್ಕ್ ನಿಲ್ದಾಣದಲ್ಲಿ ಕಾರು ಬಿಟ್ಟು ಮ್ಯಾನ್‌ಹಟನ್ನಿನ ರೈಲು ಹತ್ತಿದರೆ, ಅದು ಸಂಜೆಯವರೆಗೆ ಅಲ್ಲಿಯೇ ನಿಂತಿರುತ್ತದೆ. ಮನೆಯಲ್ಲಿ ಮಗುವಿಗೆ ಜ್ವರವೇರಿದರೆ ತಾಯಿ ನೆರೆಯವರ ಬಾಗಿಲು ತಟ್ಟಬೇಕು. ವೈದ್ಯನಾದ ನನಗೆ ಕಾರಿನ ಬೆಲೆಗಿಂತ ಇದೇ ದೊಡ್ಡ ಲೆಕ್ಕ.

ಆದರೆ ಆಕೆಗೆ ಲೈಸೆನ್ಸ್ ಇಲ್ಲದಿದ್ದರೆ ಎರಡನೆಯ ಕಾರು ಅಂಗಳದ ಅಲಂಕಾರವಷ್ಟೆ! ಮೊದಲು ಆಕೆ ಚಾಲನೆ ಕಲಿಯಲಿ. ಬೆಳಿಗ್ಗೆ ಪತಿಯನ್ನು ನಿಲ್ದಾಣಕ್ಕೆ ಬಿಟ್ಟು ಬರಲಿ. ಒಂದು ಚಳಿಗಾಲ ಹೀಗೆ ಸಾಗದಿದ್ದರೆ ಸೆಕೆಂಡ್ ಹ್ಯಾಂಡ್ ಕಾರನ್ನು ಧಾರಾಳವಾಗಿ ಕೊಳ್ಳಿರಿ. ವಿಮೆಯ ಕಂತನ್ನು ಮುಂಚೆಯೇ ವಿಚಾರಿಸಿರಿ. 2012ರ ಮಾದರಿಗಿಂತ ಹಳೆಯದು ಬೇಡ; ಹಿಮದಲ್ಲಿ ಕಾರು ಅಡ್ಡ ಜಾರುವುದನ್ನು ತಡೆಯಲು ನೆರವಾಗುವ ಸ್ಥಿರತಾ ನಿಯಂತ್ರಣವು ಕಡ್ಡಾಯವಾದದ್ದು ಆ ಮಾದರಿಯಿಂದ. 2012ರ ಸ್ಯಾಂಡಿ, 2021ರ ಐಡಾ ಚಂಡಮಾರುತಗಳಲ್ಲಿ ಮುಳುಗಿದ ಕಾರುಗಳೂ ಮಾರುಕಟ್ಟೆಗೆ ಬಂದವು. ನೆಲಹಾಸನ್ನೆತ್ತಿ ಮೂಸಿ ನೋಡಿರಿ.