ಕುದುರೆ ಒಂದು ಹೆಜ್ಜೆ ಹಿಂದೆ ಸರಿದಾಗ

ನಾನು ಹಾಸನದ ಕಡೆಯವನು. ಪುಣೆಗೆ ಬಂದು 11 ವರ್ಷ ಆಯ್ತು, ಹಿಂಜವಡಿಯಲ್ಲಿ ಕೆಲಸ. ಪ್ರೊಡಕ್ಷನ್ ಸಪೋರ್ಟ್. ಅಂದ್ರೆ ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೂ "ಚೆಕ್ ಮಾಡ್ತೀನಿ" ಅನ್ನಲೇಬೇಕಾದ ಕೆಲಸ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಎದೆ ಹಿಡಿದ ಹಾಗಾಯ್ತು, ಕೈ ನಡುಗ್ತಿತ್ತು. ಹಾರ್ಟ್ ಅಟ್ಯಾಕೇ ಅಂದ್ಕೊಂಡೆ. ಇಸಿಜಿ ನಾರ್ಮಲ್. ಡಾಕ್ಟರು "ಇದು ಪ್ಯಾನಿಕ್ ಅಟ್ಯಾಕ್, ಒಬ್ಬ ಕೌನ್ಸೆಲರ್ ಹತ್ರ ಮಾತಾಡಿ" ಅಂದ್ರು. ತಲೆ ಆಡಿಸಿ ಬಂದೆ, ಹೋಗಲಿಲ್ಲ. ಊರಿಂದ ಅಮ್ಮ ಫೋನ್ ಮಾಡಿ "ಚೆನ್ನಾಗಿದ್ದೀಯೇನೋ?" ಅಂತ ಕೇಳಿದ್ರೆ "ಹ್ಞೂಂ ಅಮ್ಮ, ಸ್ವಲ್ಪ ಕೆಲಸ ಜಾಸ್ತಿ", ಅಷ್ಟೇ.

ಆಮೇಲೊಂದು ಶನಿವಾರ ಹೆಂಡತಿ, ಮಗಳ ಜೊತೆ ಮಾಥೇರಾನ್‌ಗೆ ಹೋದೆ. ಸುಮಾರು 800 ಮೀಟರ್ ಎತ್ತರದ ಬೆಟ್ಟದ ಊರು. ಅಲ್ಲಿ ನಮ್ಮ ಕಾರು, ಬೈಕು ಒಳಗೆ ಬಿಡೋಲ್ಲ. ದಸ್ತೂರಿ ನಾಕಾದಲ್ಲಿ ನಿಲ್ಲಿಸಿ, ಕೆಮ್ಮಣ್ಣಿನ ದಾರಿಯಲ್ಲಿ ನಡೀಬಹುದು ಇಲ್ಲಾ ಕುದುರೆ ಹತ್ತಬಹುದು. ಮಗಳಿಗೆ ಕುದುರೆಯೇ ಬೇಕು. ನಾನು ಒಂದು ಕೈಯಲ್ಲಿ ಫೋನ್ ಹಿಡ್ಕೊಂಡು ಟೀಮ್‌ನವರ ಮೇಲೆ ಕಿರುಚ್ತಾ, ಇನ್ನೊಂದು ಕೈಯಲ್ಲಿ ಲಗಾಮಿಗೆ ಕೈ ಹಾಕಿದೆ. ಕುದುರೆ ಕಿವಿ ಹಿಂದಕ್ಕೆ ಮಡಚಿ ಒಂದು ಹೆಜ್ಜೆ ಹಿಂದೆ ಸರೀತು. ಕುದುರೆಯವನು ನಗ್ತಾ ಹೇಳಿದ: "ಸಾಹೇಬ್, ಪೆಹಲೇ ಆಪ್ ಶಾಂತ್ ಹೋ ಜಾಓ."

ನಂಗೆ ನಾಚಿಕೆ ಆಯ್ತು. ಮನೆಯವರಿಂದ, ಮ್ಯಾನೇಜರಿಂದ ಮುಚ್ಚಿಟ್ಟಿದ್ದನ್ನ ಕುದುರೆ ಒಂದೇ ಕ್ಷಣದಲ್ಲಿ ಕಂಡುಹಿಡೀತಲ್ಲಾ!

ಇದು ಪವಾಡ ಅಲ್ಲ. ಕುದುರೆ ಬೇಟೆಗೆ ಸಿಗೋ ಪ್ರಾಣಿ, ಹಾಗಾಗಿ ಸುತ್ತಲಿನ ಸಣ್ಣ ಚಲನೆಯನ್ನೂ ಗಮನಿಸುತ್ತೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರ ಕೋಪದ ಮುಖದ ಫೋಟೋ ತೋರಿಸಿದಾಗ ಕುದುರೆಗಳ ಹೃದಯ ಬಡಿತ ಬೇಗ ಏರಿತ್ತು.

ಫೋನ್ ಜೇಬಿಗೆ ಹಾಕಿದೆ. ಅವನು ಹೇಳಿದ ಹಾಗೆ ಎದುರಿನಿಂದಲೂ ಅಲ್ಲ, ಹಿಂದಿನಿಂದಲೂ ಅಲ್ಲ, ಪಕ್ಕದಿಂದ ಹೋದೆ. ಮೂಗಿನ ನೇರ ಮುಂದೆ ಮತ್ತು ಬೆನ್ನ ಹಿಂದೆ ಇರೋದು ಕುದುರೆಗೆ ಕಾಣೋಲ್ಲ. ಮೆಲ್ಲಗೆ ಮಾತಾಡಿಸ್ತಾ ಕುತ್ತಿಗೆ ಮೇಲೆ ಕೈ ಇಟ್ಟೆ. ಸುಮ್ಮನೆ ನಿಂತಿರೋ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತೆ. ನಮ್ಮದು 60ಕ್ಕಿಂತ ಮೇಲೆ. ಅದರ ನಿಧಾನದ ಉಸಿರಾಟ ನೋಡ್ತಾ ನಿಂತೆ. ಎಷ್ಟೋ ತಿಂಗಳ ನಂತರ ನನ್ನ ಉಸಿರು ಹೊಟ್ಟೆ ತನಕ ಇಳೀತು.

ಇದರಲ್ಲಿ ಆ ಜಾಗದ ಪಾಲೂ ಇದೆ. ಹಾರ್ನ್ ಇಲ್ಲ, ಮರದ ನೆರಳು, ಗೊರಸಿನ ಸದ್ದು. ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಹೇಳೋದು ಇದನ್ನೇ: ಇಡೀ ದಿನ ಬಲವಂತವಾಗಿ ಗಮನ ಹಿಡಿದಿಟ್ರೆ ಮನಸ್ಸು ದಣಿಯುತ್ತೆ. ಎಲೆ, ಮೋಡ, ಪ್ರಾಣಿ ಇವೆಲ್ಲ ನಮ್ಮ ಗಮನವನ್ನ ತಾವಾಗೇ ಸೆಳೆದು ಆ ದಣಿವಿಗೆ ವಿಶ್ರಾಂತಿ ಕೊಡುತ್ವೆ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋರು ಪಿತ್ತಕೋಶದ ಆಪರೇಷನ್ ಆದವರ ದಾಖಲೆ ಹೋಲಿಸಿದ್ರು. ಕಿಟಕಿಯಿಂದ ಮರ ಕಾಣ್ತಿದ್ದವರು ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ರು.

ಆದ್ರೆ ತಪ್ಪು ತಿಳೀಬೇಡಿ. ಕುದುರೆ ನನ್ನ ವಾಸಿ ಮಾಡಲಿಲ್ಲ. ಸೋಮವಾರ ಮತ್ತೆ ಅದೇ ಕಾಲ್, ಅದೇ ಎದೆ ಬಡಿತ. ಬದಲಾಗಿದ್ದು ಒಂದೇ, ಮುಚ್ಚಿಡೋದು ಬಿಟ್ಟೆ. ಅದೇ ವಾರ ಕೌನ್ಸೆಲರ್ ಹತ್ರ ಹೋದೆ. ಅಮ್ಮನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ನಿದ್ದೆ ಇಲ್ಲ ಅಂತ ನಿನ್ನ ದನೀಲೇ ಗೊತ್ತಾಗ್ತಿತ್ತು ಕಣೋ" ಅಂದ್ರು.

ಈಗ ವರ್ಷಕ್ಕೆರಡು ಸಲ ಮಾಥೇರಾನ್‌ಗೆ ಹೋಗ್ತೀವಿ. ಸುಸ್ತಾದ, ಗಾಯ ಇರೋ ಕುದುರೆ ಹತ್ತೋಲ್ಲ. ನಮ್ಮ ನೆಮ್ಮದಿಗೆ ಅದಕ್ಕೆ ನೋವಾಗಬಾರದು. ಉಳಿದ ದಿನ ಸೊಸೈಟಿಯ ಬೇವಿನ ಮರದ ಕೆಳಗೆ ಫೋನ್ ಇಲ್ಲದೆ 20 ನಿಮಿಷ.

ಕುದುರೆ ಸಿಗದಿದ್ರೂ ಪರವಾಗಿಲ್ಲ, ಮಾತಾಡೋಕೆ ಒಬ್ಬರು ಸಿಗಲಿ. ಟೆಲಿ ಮಾನಸ್ ನಂಬರ್ 14416. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ಬಹುದು. ಬರ್ಕೊಳ್ಳಿ. ನಿಮಗಲ್ಲದಿದ್ರೂ ಪಕ್ಕದ ಸೀಟಿನವರಿಗೆ ಬೇಕಾಗಬಹುದು.