ಅವ್ವನಿಗೊಂದು ಬಿಡುವಿನ ದಿನ

ಅವ್ವನ ಹುಟ್ಟುಹಬ್ಬಕ್ಕೆ ಇಳಕಲ್ ಸೀರೆ ತಂದುಕೊಡುತ್ತೇವೆ. ಅದನ್ನುಟ್ಟು ಆಕೆ ಮತ್ತೆ ಒಲೆಯ ಮುಂದೆಯೇ ಕೂರುತ್ತಾಳೆ. ಈ ಸಲ ಸೀರೆಯ ಜೊತೆ ಒಂದು ದಿನದ ಬಿಡುವನ್ನೂ ಕೊಡೋಣ.

ಅದಕ್ಕೆ ದೂರದ ರೆಸಾರ್ಟೇ ಬೇಕಿಲ್ಲ. ಬಾಗಲಕೋಟೆಯಿಂದಲೋ ಹುನಗುಂದದಿಂದಲೋ ನಸುಕಿನಲ್ಲಿ ಹೊರಟರೆ ಬಾದಾಮಿ ಬಳಿಯ ಮಹಾಕೂಟ ಸಿಗುತ್ತದೆ. 6-7ನೇ ಶತಮಾನದ ಚಾಲುಕ್ಯರ ಗುಡಿಗಳ ನಡುವೆ ವಿಷ್ಣು ಪುಷ್ಕರಿಣಿ, ಅದಕ್ಕೆ ಬುಗ್ಗೆಯ ನೀರು. ಅಲ್ಲಿ ಅವ್ವ ಅವಸರವಿಲ್ಲದೆ ಜಳಕ ಮಾಡಲಿ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಬಡಿಸುತ್ತಾರೆ. ಜೀವನವಿಡೀ ರೊಟ್ಟಿ ಬಡಿದವಳು ಅಂದು ಬೇರೆಯವರು ಬಡಿದ ರೊಟ್ಟಿ ಉಣ್ಣಲಿ.

ಆ ಬುಟ್ಟಿ ಹೊತ್ತವರೂ ಯಾರದೋ ಮನೆಯ ಅವ್ವಂದಿರೇ. ಅವರೊಡನೆ ಚೌಕಾಸಿ ಬೇಡ. ಮನೆಗೆ ಮರಳಿದ ಮೇಲೂ ವಾರಕ್ಕೊಂದು ಹೊತ್ತು ಒಲೆಯ ಹೊಣೆ ನಾವೇ ಹೊರೋಣ. ವರ್ಷಕ್ಕೊಮ್ಮೆಯ ಪ್ರವಾಸಕ್ಕಿಂತ ಆಕೆಗೆ ಅದೇ ಹೆಚ್ಚು ಆರಾಮ.